ಕೇಳಲು ನಾಚದ ಮನುಷ್ಯ

ಅವರಿಗೆ ನಾಚಿಕೆ ಎಂಬುದೇ ಇರಲಿಲ್ಲ. ಹೀಗೆಂದು ಕಾಲೇಜಿನ ಸ್ಟಾಫ್ ರೂಮಿನಲ್ಲಿ ನಾನೇ ಎಷ್ಟೋ ಸಲ ಹೇಳಿ ನಗಿಸಿದ್ದೇನೆ, ಅವರು ಎದುರಿಗೆ ಕುಳಿತಿದ್ದಾಗಲೂ. ಅವರು ಸಿಟ್ಟಿಗೇಳುತ್ತಿರಲಿಲ್ಲ. ಅದೊಂದು ಇಲ್ಲದ್ದರಿಂದಲೇ ತಮ್ಮ ಸಂಸಾರ ನಡೆದಿದೆ ಎಂದು ತಾವೂ ನಗುತ್ತಿದ್ದರು. ಈಚೆಗೆ ಅವರು ತೀರಿಕೊಂಡರು. ಶಹಾಪುರದ ನಮ್ಮ ಕಾಲೇಜಿನಲ್ಲಿ ಸಂತಾಪ ಸಭೆ ಆಯಿತು. ಒಬ್ಬೊಬ್ಬರೇ ಎದ್ದು ಮಾತಾಡಿದರು. ನನ್ನ ಸರದಿ ಬಂದಾಗ ಗಂಟಲು ಸರಿಯಿಲ್ಲವೆಂದು ಕೈಸನ್ನೆ ಮಾಡಿ ಕುಳಿತುಬಿಟ್ಟೆ. ದುಃಖ ಎಂದು ಎಲ್ಲರೂ ತಿಳಿದರು. ದುಃಖವೂ ಇತ್ತು, ಸುಳ್ಳಲ್ಲ. ಆದರೆ ನನ್ನ ಬಾಯಿ ಕಟ್ಟಿದ್ದು ನಾಚಿಕೆ. ಸಭೆಗೆ ಮೊದಲು ನಾನು ಅವರ ಮನೆಗೆ ಹೋಗಿ ಬಂದಿದ್ದೆ. ಅಲ್ಲಿ ಕೇಳಿದ ಮಾತನ್ನು ಅಷ್ಟು ಜನರ ಮುಂದೆ ಹೇಳುವ ಎದೆ ನನಗಿರಲಿಲ್ಲ. ಬರೆಯಲಾದರೂ ಆದೀತೇ ಎಂದು ನೋಡುತ್ತಿದ್ದೇನೆ.

ಅವರು ಇತಿಹಾಸ ಕಲಿಸುತ್ತಿದ್ದರು, ನಾನು ಭೌತಶಾಸ್ತ್ರ. ಪ್ರಾಂಶುಪಾಲರಿಂದ ಹಿಡಿದು ಗಂಟೆ ಬಾರಿಸುವವನ ತನಕ ಎಲ್ಲರೂ ಅವರನ್ನು ಭಾಯಿಜಾನ್ ಎಂದೇ ಕರೆಯುತ್ತಿದ್ದೆವು. ಎತ್ತರದ, ಒಣಕಲು ಆಳು. ಮೆಹಂದಿ ಹಚ್ಚಿದ ಗಡ್ಡ, ಹೆಗಲಿಗೆ ಬಟ್ಟೆಯ ಚೀಲ, ಜೇಬಿನಲ್ಲಿ ಮಡಿಚಿದ ದೊಡ್ಡ ಬಿಳಿ ಕರವಸ್ತ್ರ. ಯಾದಗಿರಿಯಿಂದ ದಿನಾ ಬಸ್ಸಿನಲ್ಲಿ ಬಂದುಹೋಗುತ್ತಿದ್ದರು. ಯಾರನ್ನಾದರೂ ಏನಾದರೂ ಕೇಳುವ ಮೊದಲು ಬಲ ಅಂಗೈಯನ್ನು ಎದೆಯ ಮೇಲಿಟ್ಟು, ತಲೆಯನ್ನು ಒಂದಿಷ್ಟು ವಾಲಿಸಿ, "ಒಂದ್ ಮಾತ ಕೇಳ್ತೀನ್ರಿ" ಅನ್ನುತ್ತಿದ್ದರು. ಎದುರಿನವರು ಹೂಂ ಅಂದರೂ ಕೇಳುತ್ತಿದ್ದರು, ಉಹೂಂ ಅಂದರೂ ಕೇಳುತ್ತಿದ್ದರು.

ಏನು ಕೇಳುತ್ತಿದ್ದರು ಅನ್ನುವುದಕ್ಕೆ ಮಿತಿ ಇರಲಿಲ್ಲ. ತಪಾಸಣೆಗೆ ಬಂದ ಅಧಿಕಾರಿಯನ್ನು ಅವರ ಬೂಟು ಎಲ್ಲಿ ಕೊಂಡದ್ದು, ಬೆರಳಿಗೆ ಕಚ್ಚುವುದಿಲ್ಲವೇ ಎಂದು ಕೇಳಿದ್ದರು. ಆ ಮನುಷ್ಯ ಮೊದಲು ಕೆಕ್ಕರಿಸಿ ನೋಡಿ, ಆಮೇಲೆ ಬೂಟು ಬಿಚ್ಚಿ ತೋರಿಸಿದ. ಮದುವೆ ಮನೆಗೆ ಹೋದರೆ ಉಣ್ಣುವುದಕ್ಕಿಂತ ಮೊದಲು ಅಡಿಗೆಯವನ ಹತ್ತಿರ ನಿಂತಿರುತ್ತಿದ್ದರು. ಫೀಸು ಕಟ್ಟಲಾಗದ ಹುಡುಗಿಯೊಬ್ಬಳಿಗೆ ಹಾಸ್ಟೆಲಿನಲ್ಲಿ ಜಾಗ ಬೇಕೆಂದು ಭೀಮರಾಯನಗುಡಿಯ ಆಫೀಸುಗಳಲ್ಲಿ ಗುರುತಿಲ್ಲದ ಪ್ರತಿಯೊಂದು ಮೇಜಿನ ಮುಂದೆಯೂ ಕೈ ಎದೆಗಿಟ್ಟು ನಿಂತಿದ್ದರಂತೆ. ಅದರಲ್ಲಿ ಒಂದು ಮೇಜು ಹುಡುಗಿಗೆ ಜಾಗ ಕೊಟ್ಟಿತು. ಪಾಠ ಮಾಡುವಾಗಲೂ ಅಷ್ಟೇ. ಸುರಪುರದ ಕೋಟೆಯ ಬಗ್ಗೆ ವಿದ್ಯಾರ್ಥಿಯೊಬ್ಬ ಏನೋ ಕೇಳಿದರೆ, ನನಗೆ ಗೊತ್ತಿಲ್ಲಪ್ಪ ಎಂದು ಸೀಮೆಸುಣ್ಣ ಕೆಳಗಿಟ್ಟು, ಭಾನುವಾರ ಸುರಪುರಕ್ಕೆ ಹೋಗಿ ಅಲ್ಲಿನ ಹಿರಿಯರನ್ನು ಕೇಳಿಕೊಂಡು ಬರುತ್ತಿದ್ದರು. ಮೇಷ್ಟರಾದವರು ಗೊತ್ತಿಲ್ಲ ಅನ್ನಬಾರದು ಎಂಬ ಕಾಲದಲ್ಲಿ ಕಲಿತವಳು ನಾನು. ಅವರ ಜೊತೆ ಹೊರಗೆ ಹೋಗುವುದೆಂದರೆ ನನಗೆ ಮುಖ ಮುಚ್ಚಿಕೊಳ್ಳುವ ಹಾಗಾಗುತ್ತಿತ್ತು.

ಅಂಥವರ ಜೊತೆ ನಾನು ಒಂದು ವಾರ ಯಾದಗಿರಿಯ ಗ್ಯಾರೇಜುಗಳನ್ನು ಸುತ್ತಬೇಕಾಗಿ ಬಂತು. ಕಾರಣ ನನ್ನ ಕಾರು.

ಆ ಕಾರು ನನ್ನ ಹುಚ್ಚು. ಹೈದರಾಬಾದಿನಲ್ಲಿ ಸೆಕೆಂಡ್ ಹ್ಯಾಂಡ್ ಕೊಂಡದ್ದು. ವಿದೇಶಿ ತಳಿ, ಹಿಂಬದಿ ಉದ್ದಕ್ಕೆ ಚಾಚಿಕೊಂಡು ಹಿಂದಿನ ಸೀಟು ಮಡಿಚಿದರೆ ಒಬ್ಬರು ಆರಾಮಾಗಿ ಮಲಗುವಷ್ಟು ಜಾಗ. ನೋಡಲು ಸಾಮಾನು ಹೇರುವ ಗಾಡಿ, ಒಳಗೆ ಓಟದ ಎಂಜಿನ್. ಶಹಾಪುರದಲ್ಲಿ ಅದನ್ನು ಮೊದಲ ದಿನ ನಿಲ್ಲಿಸಿದಾಗ ಹಾಲಿನವನು ಇದು ಆಂಬುಲೆನ್ಸೇ ಎಂದು ಕೇಳಿದ. ನನ್ನ ಗಂಡ ಆನೆ ಕಟ್ಟಿದ್ದೀಯಾ, ಇನ್ನು ನೀನೇ ಮೇಯಿಸು ಅಂದರು. ನಾನು ಯಾರ ಮಾತೂ ಹಚ್ಚಿಕೊಳ್ಳಲಿಲ್ಲ. ಜೇವರ್ಗಿ ರಸ್ತೆಯಲ್ಲಿ ಲಾರಿಗಳನ್ನು ಹಿಂದೆ ಹಾಕುವಾಗ ನನಗಾಗುತ್ತಿದ್ದ ಖುಷಿ ಅವರಿಗೇನು ಗೊತ್ತು. ಆದರೆ ಕಾರಿಗೆ ವಯಸ್ಸಾಗಿತ್ತು. ಬರಬರುತ್ತ ಅದರ ಹಿಂಬದಿ ಕುಪ್ಪಳಿಸತೊಡಗಿತು. ಒಂದು ಹಂಪ್ ದಾಟಿದರೆ ಮುಂದಿನ ಹಂಪ್ ಬರುವವರೆಗೂ ಬಾಲ ಕುಣಿಯುತ್ತಲೇ ಇರುತ್ತಿತ್ತು. ತೆಗ್ಗಿಗೆ ಬಿದ್ದರೆ ದಡ್ ಎಂದು ಬೆನ್ನಿಗೇ ಗುದ್ದಿದ ಹಾಗೆ. ನಾನೊಬ್ಬಳೇ ಇದ್ದಾಗ ಹೇಗೋ ನಡೆಯುತ್ತಿತ್ತು.

ಆಗ ಅವ್ವ ಬಿದ್ದಳು. ಸುರಪುರದ ನಮ್ಮ ತವರಿನ ಬಚ್ಚಲಲ್ಲಿ ಜಾರಿ ಬಿದ್ದು ಬೆನ್ನುಮೂಳೆ ಬಿರುಕು ಬಿಟ್ಟಿತು. ಕಲಬುರ್ಗಿಯ ಆಸ್ಪತ್ರೆಯಲ್ಲಿ ಮಲಗಿಸಿದೆವು. ಮನೆಗೆ ಕರೆದೊಯ್ಯಬಹುದು, ಆದರೆ ಅಂಗಾತ ಮಲಗಿಸಿಯೇ ಒಯ್ಯಬೇಕು, ಒಂದು ಏಟೂ ತಗಲಬಾರದು ಎಂದು ಡಾಕ್ಟರು ಹೇಳಿದರು. ಸರಿ, ಆಂಬುಲೆನ್ಸ್ ಗೊತ್ತು ಮಾಡೋಣ ಎಂದರೆ ಅವ್ವ ಹಟ ಹಿಡಿದಳು.

"ಬಾಗಲಿಗಿ ಆಂಬುಲೆನ್ಸ್ ಬಂದ್ರ ಓಣಿ ಮಂದಿ ಹೆಣ ಬಂತಂತ ಅಳಾಕ ಬರ್ತಾರ. ನಾ ಇನ್ನೂ ಸತ್ತಿಲ್ಲ. ನಿನ್ನ ಕಾರಿನ್ಯಾಗ ಒಯ್ಯಂಗಿದ್ರ ಒಯ್ಯಿ, ಇಲ್ಲಂದ್ರ ಇಲ್ಲೇ ಬಿಡು."

ಇದು ಬರಿಯ ಹಟವಾಗಿರಲಿಲ್ಲ. ನಮ್ಮ ಓಣಿಯಲ್ಲಿ ಆಂಬುಲೆನ್ಸ್ ಬಂದಾಗಲೆಲ್ಲ ಆದದ್ದು ಅದೇ. ಹೆಂಗಸರು ಎದೆ ಬಡಿದುಕೊಳ್ಳುತ್ತ ಓಡಿ ಬಂದು, ಒಳಗಿರುವವರು ಕಣ್ಣು ಬಿಟ್ಟದ್ದನ್ನು ನೋಡಿ ಪೆಚ್ಚಾಗಿ ನಿಂತದ್ದನ್ನು ನಾನೇ ಕಂಡಿದ್ದೇನೆ. ಓಣಿಗೆಲ್ಲ ಯಜಮಾನಿಯಂತೆ ಬಾಳಿದ ಅವ್ವನಿಗೆ ಹಾಗೆ ಊರು ಸೇರುವುದು ಸಾವಿಗಿಂತ ಕೀಳು. ನನ್ನ ಕಾರಿನಲ್ಲಿ ಮಲಗಲು ಜಾಗವೇನೋ ಇತ್ತು. ಆದರೆ ಹಾಗೆ ಮಲಗಿದವರ ಬೆನ್ನು ಸರಿಯಾಗಿ ಹಿಂದಿನ ಗಾಲಿಗಳ ಮೇಲೆಯೇ ಬರುತ್ತದೆ. ಆ ಕುಪ್ಪಳಿಸುವ ಹಿಂಬದಿಯಲ್ಲಿ ಅವ್ವನನ್ನು ಮಲಗಿಸಿದರೆ ಜೇವರ್ಗಿ ಮುಟ್ಟುವ ಮೊದಲೇ ಬಿರುಕು ಮುರಿತವಾಗುತ್ತಿತ್ತು.

ಸ್ಟಾಫ್ ರೂಮಿನಲ್ಲಿ ಇದನ್ನು ಹೇಳಿಕೊಂಡು ಕುಳಿತಿದ್ದಾಗ ಭಾಯಿಜಾನ್ ಬಂದರು. ಕಾರಿನ ಬಗ್ಗೆ ಅವರಿಗೆ ತಿಳಿದದ್ದು ಸೊನ್ನೆ. ಸೈಕಲ್ಲನ್ನೂ ನೆಟ್ಟಗೆ ಹೊಡೆಯುತ್ತಿರಲಿಲ್ಲ. ಹಿಂಬದಿ ಯಾಕೆ ಕುಣಿಯುತ್ತದೆ ಎಂದು ಕೇಳಿದರು. ನಾನು ಪಾಠ ಒಪ್ಪಿಸಿದೆ: ಭಾರ ಹೊರುವುದು ಸ್ಪ್ರಿಂಗು, ಅದರ ಕುಣಿತವನ್ನು ಅಡಗಿಸುವುದು ಪಕ್ಕದಲ್ಲಿರುವ ಎಣ್ಣೆ ತುಂಬಿದ ಕೊಳವೆ, ಅದಕ್ಕೆ ಗ್ಯಾರೇಜಿನವರು ಶಾಕಪ್ ಅನ್ನುತ್ತಾರೆ, ಅದು ಸವೆದಿದೆ. ಹಾಗಾದರೆ ಯಾಕೆ ಬದಲಿಸಿಲ್ಲ ಅಂದರು. ಕಂಪನಿಯ ಹೊಸ ಜೋಡಿಯ ಬೆಲೆ ಕೇಳಿ ನಾನು ಫೋನು ಕೆಳಗಿಟ್ಟಿದ್ದೆ. ಆಸ್ಪತ್ರೆಯ ಖರ್ಚು ಆಗಲೇ ನಮ್ಮನ್ನು ಹಿಂಡಿಹಾಕಿತ್ತು. ಅಗ್ಗದ ದಾರಿ ಇದೆಯೇ ಎಂದು ಯಾರನ್ನಾದರೂ ಕೇಳಿದೆಯಾ ಅಂದರು. ಕೇಳಿರಲಿಲ್ಲ. ಅಂಥ ಕಾರು ಇಟ್ಟುಕೊಂಡು ಅಗ್ಗದ್ದು ಕೇಳುವುದೆಂದರೆ ನನಗೆ ಅವಮಾನ.

"ನೀ ಕಾರಿನ್ಯಾಗ ಕುಂದ್ರು ತಂಗಿ," ಅಂದರು ಭಾಯಿಜಾನ್, "ಕೇಳೂದು ನಾ ಕೇಳ್ತೀನಿ."

ಆ ವಾರ ನಾನು ಪಟ್ಟ ಪಾಡು ಹೇಳತೀರದು. ಕಾಲೇಜು ಬಿಟ್ಟ ಮೇಲೆ ಇಬ್ಬರೂ ಯಾದಗಿರಿಗೆ ಹೋಗುತ್ತಿದ್ದೆವು. ಪೆಟ್ರೋಲ್ ಬಂಕಿನವನು, ಟೈರಿನ ಅಂಗಡಿಯವನು, ಸ್ಟೇಷನ್ನಿನ ಮುಂದೆ ನಿಂತ ಟ್ಯಾಕ್ಸಿ ಡ್ರೈವರುಗಳು, ಯಾರನ್ನೂ ಬಿಡಲಿಲ್ಲ. ಹೆಚ್ಚುಕಡಿಮೆ ನಮ್ಮ ಕಾರಿನ ತಳಿಯದೇ ಒಂದು ಕಾರು ಬಜಾರಿನಲ್ಲಿ ಎದುರಾದಾಗ ಕೈ ಅಡ್ಡ ಹಾಕಿ ನಿಲ್ಲಿಸಿಯೇಬಿಟ್ಟರು. ಒಳಗೆ ಯಾರದೋ ಮನೆಯವರು ರೇಷ್ಮೆ ಸೀರೆ ಉಟ್ಟು ಮುಯ್ಯಿ ಮಾಡಲು ಹೊರಟಿದ್ದರು. ಭಾಯಿಜಾನ್ ಕಿಟಕಿಗೆ ಬಗ್ಗಿ ನಿಮ್ಮ ಗಾಡಿಯ ಶಾಕಪ್ ಎಲ್ಲಿ ಹಾಕಿಸಿದಿರಿ, ಎಷ್ಟು ಕೊಟ್ಟಿರಿ, ಚೌಕಾಶಿ ಮಾಡಿದಿರೋ ಇಲ್ಲವೋ ಎಂದು ವಿಚಾರಿಸುತ್ತಿದ್ದರೆ, ನಾನು ಸ್ಟೇರಿಂಗಿನ ಕೆಳಗೆ ಏನೋ ಬಿದ್ದದ್ದನ್ನು ಹುಡುಕುವವಳಂತೆ ಬಗ್ಗಿ ಕುಳಿತಿದ್ದೆ. ನನ್ನ ಹಳೆಯ ವಿದ್ಯಾರ್ಥಿಗಳು ಆ ಬಜಾರಿನ ತುಂಬ ಇದ್ದಾರೆ. ಮೇಡಮ್ ಕಾರು ಕೆಟ್ಟಿತಾ ಎಂದು ಒಬ್ಬ ಬಂದು ಕೇಳಿದ. ಇಲ್ಲ ಅಂದೆ. ಭಾಯಿಜಾನ್ ಆ ಕಡೆಯಿಂದ ಕೆಟ್ಟದ, ಹಿಂದಿಂದು ಪೂರಾ ಹೋಗ್ಯಾದ ಎಂದು ಬಜಾರಿಗೆಲ್ಲ ಕೇಳುವ ಹಾಗೆ ಹೇಳಿದರು.

ಕೊನೆಗೆ ಒಬ್ಬ ಮಿಸ್ತ್ರಿ ಸಿಕ್ಕಿದ. ಕಾರಿನ ಹಿಂಬದಿಯನ್ನು ಎರಡೂ ಕೈಯಿಂದ ಅದುಮಿ ಬಿಟ್ಟ. ಸರಿಯಿದ್ದರೆ ಒಮ್ಮೆ ಮೇಲೆದ್ದು ಸುಮ್ಮನಾಗಬೇಕು. ನಮ್ಮದು ಹೌದು ಹೌದು ಎಂದು ತಲೆಯಾಡಿಸುತ್ತಲೇ ಇತ್ತು. ಕೆಳಗೆ ತೂರಿ ನೋಡಿ, ಎರಡೂ ಶಾಕಪ್ ಎಣ್ಣೆ ಸೋರಿ ಒಣಗಿವೆ ಅಂದ. ಅವನ ಹತ್ತಿರ ಅಗ್ಗದ ದಾರಿ ಇತ್ತು: ಹಳೆಯವನ್ನೇ ಕೊಯ್ದು, ಎಣ್ಣೆ ತುಂಬಿ, ಬೆಸೆದು ಹಾಕುವುದು. ಅದೂ ಬೇಡವೆಂದರೆ ಸ್ಪ್ರಿಂಗಿನ ಸುರುಳಿಗಳ ನಡುವೆ ರಬ್ಬರ್ ತುರುಕುವುದು. ನಾನು ಒಪ್ಪಿಬಿಡುತ್ತಿದ್ದೆ. ಭಾಯಿಜಾನ್ ಅವನ ಪಕ್ಕ ಕುಕ್ಕರುಗಾಲಲ್ಲಿ ಕುಳಿತು ಕೇಳುತ್ತ ಹೋದರು. ಬೆಸೆದದ್ದು ಎಷ್ಟು ದಿನ ಬಾಳುತ್ತದೆ? ಅವನು ಹೇಳಲಾರೆ ಅಂದ. ರಬ್ಬರು ಹಾಕಿದರೆ ಮಲಗಿದವರಿಗೆ ಹೇಗಿರುತ್ತದೆ? ಕಲ್ಲಿನ ಮೇಲೆ ಮಲಗಿದ ಹಾಗೆ ಅಂದ. ಇದೇ ಥರದ ಶಾಕಪ್ ಇನ್ಯಾವ ಕಾರಿಗಿದೆ? ಆಗ ಅವನು ತಲೆ ಕೆರೆದುಕೊಂಡು, ಇದೇ ಕಾರಿನ ಸಾದಾ ಮಾದರಿ ಒಂದಿದೆ, ಓಟದ್ದಲ್ಲ, ಅದರದು ಮೆತ್ತಗಿರುತ್ತದೆ, ಅಳತೆ ನೋಡಿಕೊಂಡರೆ ಇದಕ್ಕೆ ಕೂಡುತ್ತದೆ, ಹೈದರಾಬಾದಿನ ಹಳೇ ಸಾಮಾನಿನ ಬಜಾರಿನಲ್ಲಿ ಸಿಕ್ಕರೂ ಸಿಗಬಹುದು ಅಂದ. ಈ ಉತ್ತರ ಅವನ ಬಾಯಲ್ಲೇ ಇತ್ತು. ಯಾರೂ ಕೇಳಿರಲಿಲ್ಲ, ಅವನು ಹೇಳಿರಲಿಲ್ಲ.

ಹೈದರಾಬಾದಿನ ಅಂಗಡಿಯವನೊಂದಿಗೆ ಭಾಯಿಜಾನ್ ಫೋನಿನಲ್ಲಿ ಮಾತಾಡಿದ್ದು ಒಂದು ದೊಡ್ಡ ಕಥೆ. ದಖನಿ ಉರ್ದುವಿನಲ್ಲಿ ಅವನ ಮನೆಮಂದಿಯ ಆರೋಗ್ಯವನ್ನೆಲ್ಲ ವಿಚಾರಿಸಿದ ಮೇಲೆ ಶಾಕಪ್ಪಿನ ಮಾತಿಗೆ ಬಂದರು. ಮುಂದುಗಡೆ ಗುದ್ದಿಸಿಕೊಂಡು ಗುಜರಿಗೆ ಬಂದ ಕಾರಿನದು ಒಂದು ಜೋಡಿ ಇತ್ತು, ಹಿಂಬದಿಗೆ ಏನೂ ಆಗಿರಲಿಲ್ಲ. ಮುದುಕಿಯೊಬ್ಬಳು ಮಲಗಿಕೊಂಡು ಊರು ಸೇರಬೇಕಾಗಿದೆ ಎಂದು ಹೇಳಿ ಬೆಲೆ ಇಳಿಸಿದರು. ಎಣ್ಣೆ ಸೋರಿದ್ದರೆ ವಾಪಸು ಎಂಬ ಮಾತನ್ನೂ ಪಡೆದರು. ಗುರುತಿಲ್ಲದ ಬಸ್ ಕಂಡಕ್ಟರನ ಕೈಯಲ್ಲಿ ತರಿಸಿದರು. ಅಷ್ಟಾದ ಮೇಲೂ ನನ್ನೊಳಗಿನ ಹುಚ್ಚು ಸುಮ್ಮನಿರಲಿಲ್ಲ. ಸಾದಾ ಮಾದರಿಯದು ಹಾಕಿದರೆ ಕಾರಿನ ಓಟದ ಬಿಗಿ ಹೋಗುತ್ತದಲ್ಲ ಎಂದು ಗೊಣಗಿದೆ.

"ಓಟ ತಗೊಂಡ್ ಏನ್ ಮಾಡ್ತೀ ತಂಗಿ," ಅಂದರು. "ಅವ್ವಗ ನಿದ್ದಿ ಬೇಕಾಗ್ಯಾದ."

ಜೋಡಿಸುವ ದಿನ ನನ್ನ ಮಾನ ಪೂರ್ತಿ ಹೋಯಿತು. ಕೆಳಗಿನ ಬೋಲ್ಟನ್ನು ಗಾಲಿ ನೇತಾಡುತ್ತಿರುವಾಗಲೇ ಬಿಗಿಯಬಾರದು, ಗಾಡಿ ಎಷ್ಟು ಭಾರ ಹೊರುತ್ತದೋ ಅಷ್ಟು ಹೊರಿಸಿ ಆಮೇಲೆ ಬಿಗಿಯಬೇಕು, ಇಲ್ಲದಿದ್ದರೆ ಅದರ ರಬ್ಬರು ತಿರುಚಿ ಬೇಗ ಹರಿಯುತ್ತದೆ ಎಂದು ಹೈದರಾಬಾದಿನವನು ಹೇಳಿದ್ದನಂತೆ. ಮಿಸ್ತ್ರಿಯೂ ಅದು ನಿಜ, ಆದರೆ ಯಾರು ಅಷ್ಟು ನೋಡುತ್ತಾರೆ ಅಂದ. ಭಾಯಿಜಾನ್ ಎದ್ದವರೇ ಎದುರಿಗಿದ್ದ ದಾಲ್ ಮಿಲ್ಲಿಗೆ ನಡೆದರು. ಅದರ ಮಾಲೀಕನನ್ನು ಅವರು ಅದುವರೆಗೆ ಕಂಡೇ ಇರಲಿಲ್ಲ. ಸ್ವಲ್ಪ ಹೊತ್ತಿಗೆ ಇಬ್ಬರು ಹಮಾಲರು ತೊಗರಿ ಚೀಲ ಹೊತ್ತು ಬಂದು ನನ್ನ ಓಟದ ಕಾರಿನ ಹಿಂದೆ ಒಟ್ಟಿದರು. ಬೋಲ್ಟು ಬಿಗಿದ ಮೇಲೆ ವಾಪಸು ಹೊತ್ತೊಯ್ದರು. ಮಿಲ್ಲಿನ ಮಾಲೀಕನೂ ಬಂದು ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದ. ಅವನ ಮುಖ ನೋಡುವ ಧೈರ್ಯ ನನಗಾಗಲಿಲ್ಲ.

ಅಷ್ಟಕ್ಕೇ ಬಿಡಲಿಲ್ಲ. ಅವ್ವನಿಗೆ ಹೇಗಾಗುತ್ತದೆಂದು ತಿಳಿಯಬೇಕಾದರೆ ಯಾರಾದರೂ ಮಲಗಿ ನೋಡಬೇಕು ಅಂದರು. ಹಿಂದಿನ ಸೀಟು ಮಡಿಚಿ, ನಾನು ತಂದಿದ್ದ ಗಾದಿ ಹಾಸಿ, ಅಂಗಾತ ಮಲಗಿದರು. ಹಿಂಗಾಜಿನಿಂದ ಬಿಸಿಲು ಮುಖಕ್ಕೆ ಬಡಿಯುತ್ತಿತ್ತೆಂದು ಆ ಬಿಳಿ ಕರವಸ್ತ್ರವನ್ನು ಮುಖದ ಮೇಲೆ ಎಳೆದುಕೊಂಡರು. ನಾನು ಮುದನಾಳದ ಕಡೆ ಹೊರಟೆ. ಬಜಾರಿನ ಚೌಕದಲ್ಲಿ ಎತ್ತಿನ ಬಂಡಿ ಅಡ್ಡ ಬಂದು ನಿಲ್ಲಬೇಕಾಯಿತು. ಕಾಯಿಪಲ್ಲೆ ಮಾರುವ ಹೆಂಗಸು ಕಾರಿನೊಳಗೆ ನೋಡಿ ಕೈಮುಗಿದಳು. ಒಬ್ಬ ಟೋಪಿ ತೆಗೆದ. ಇನ್ನೊಬ್ಬ ಕಿಟಕಿಗೆ ಬಂದು ಯಾರು ಹೋದರು ಎಂದು ಮೆತ್ತಗೆ ಕೇಳಿದ. ನಾನು ಬಾಯಿ ತೆರೆಯುವ ಮೊದಲೇ ಹಿಂದಿನಿಂದ ಕರವಸ್ತ್ರ ಸರಿಯಿತು, ಅಂಗೈ ಎದೆಯ ಮೇಲೆ ಬಂತು.

"ಒಂದ್ ಮಾತ ಕೇಳ್ತೀನ್ರಿ. ಮುದನಾಳ ರಸ್ತೆದಾಗ ಎಲ್ಲಾಕಿಂತ ದೊಡ್ಡ ತೆಗ್ಗ ಎಲ್ಲಿ ಬರ್ತದ?"

ಆ ಮನುಷ್ಯ ಹೌಹಾರಿ ಹಿಂದಿದ್ದ ಸೈಕಲ್ಲಿನ ಮೇಲೆ ಬಿದ್ದ. ನಾನು ಗೇರು ಹಾಕಿ ಓಡಿಸಿದೆ. ಮುದನಾಳದವರೆಗೆ ಭಾಯಿಜಾನ್ ಮಲಗಿಕೊಂಡೇ ಒಂದೊಂದು ತೆಗ್ಗಿಗೂ ವರದಿ ಕೊಟ್ಟರು. ಬಾಲ ಕುಣಿಯುತ್ತಿರಲಿಲ್ಲ. ತೆಗ್ಗಿಗೆ ಇಳಿದು ಎದ್ದು ಸುಮ್ಮನಾಗುತ್ತಿತ್ತು. ಬರುವಾಗ ಅವರಿಗೆ ನಿದ್ದೆಯೇ ಹತ್ತಿತ್ತು.

ಅವ್ವನನ್ನು ಕರೆತರುವ ದಿನ ಅವರೂ ರಜೆ ಹಾಕಿ ಬಂದರು. ನಾನು ಓಡಿಸುತ್ತಿದ್ದೆ. ಅವರು ಹಿಂದೆ ಅವ್ವನ ಪಕ್ಕದ ಇಕ್ಕಟ್ಟಿನಲ್ಲಿ ಮಂಡಿ ಮಡಿಚಿ ಕುಳಿತು, ಗಾದಿ ಜಾರದಂತೆ ಅದರ ಅಂಚು ಹಿಡಿದಿದ್ದರು. ಅವ್ವ ಮೊದಲು ಹೆದರಿ ದೇವರನ್ನು ಕರೆಯುತ್ತಿದ್ದಳು. ಅವರು ಅವಳ ತವರು, ತಮ್ಮಂದಿರು, ಮದುವೆಯಲ್ಲಿ ಎಷ್ಟು ಎತ್ತಿನ ಬಂಡಿ ಬಂದಿದ್ದವು ಎಂದು ಒಂದೊಂದಾಗಿ ಕೇಳಿದರು. ಅವ್ವ ಹೇಳುತ್ತ ಹೇಳುತ್ತ ಶಹಾಪುರದ ಹತ್ತಿರ ನಿದ್ದೆ ಹೋದಳು. ಹಂಪ್ ಬಂದಾಗಲೆಲ್ಲ ನಾನು ಕನ್ನಡಿಯಲ್ಲಿ ನೋಡುತ್ತಿದ್ದೆ. ಭಾಯಿಜಾನ್ ಕೈ ಎತ್ತಿ ಏನೂ ಆಗಿಲ್ಲ ಎಂದು ತೋರಿಸುತ್ತಿದ್ದರು.

ಸುರಪುರ ಮುಟ್ಟಿದಾಗ ಓಣಿಯವರು ನಗುತ್ತಲೇ ಬಂದು ಕಾರಿನ ಸುತ್ತ ನಿಂತರು. ಯಾರೂ ಅಳಲಿಲ್ಲ. ಅವ್ವ ಮಲಗಿದಲ್ಲಿಂದಲೇ ಎಲ್ಲರನ್ನೂ ಹೆಸರು ಹಿಡಿದು ಮಾತಾಡಿಸಿದಳು. ಮಗಳ ಕಾರಿನಲ್ಲಿ ಮಲಗಿಕೊಂಡು ಬಂದೆ, ಹೂವಿನಂಗ ತಂದಾಳ ಅಂದಳು. ನಾಲ್ಕು ಜನ ಗಾದಿ ಸಮೇತ ಒಳಗೆ ಒಯ್ದು ಮಂಚದ ಮೇಲೆ ಮಲಗಿಸಿದರು. ಭಾಯಿಜಾನ್ ಪಡಸಾಲೆಯಲ್ಲಿ ಕುಳಿತು ಮಂಡಿ ತಿಕ್ಕಿಕೊಳ್ಳುತ್ತಿದ್ದರು. ನನಗೆ ಆ ವಾರದಲ್ಲಿ ಮೊದಲ ಸಲ ಹಗುರವೆನಿಸಿತ್ತು.

ಅಣ್ಣನ ಹೆಂಡತಿ ವೈನಿ ಎಲ್ಲರಿಗೂ ಸ್ಟೀಲಿನ ಲೋಟದಲ್ಲಿ ಚಹಾ ತಂದಳು. ಆಗ ಅವ್ವ ಒಳಗಿನಿಂದ ಕೂಗಿ ಹೇಳಿದಳು.

"ಮಾಸ್ತರಿಗಿ ಹೊರಗ ಗೂಡಿನ್ಯಾಗಿನ ಕಪ್ಪ ತಗೀಬೇ. ತೊಳದ್ ಕೊಡು."

ಅವಳ ದನಿಯಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಬಂದವರಿಗೆ ಉಪಚಾರ ಕಡಿಮೆಯಾಗಬಾರದೆಂಬ ಕಾಳಜಿಯೇ ಇತ್ತು. ಅದೇ ನನ್ನನ್ನು ಕೊಂದದ್ದು. ನಮ್ಮ ಮನೆಯ ಹೊರಗೋಡೆಯ ಗೂಡಿನಲ್ಲಿ ಪಿಂಗಾಣಿಯ ಒಂದು ಕಪ್ಪು ಎಂದಿನಿಂದಲೂ ಇತ್ತು. ಅದು ಒಳಗೆ ಬಾರದವರ ಕಪ್ಪು. ಯಾರಿಗೆ ಎಂದು ನಾವು ಮಕ್ಕಳಿದ್ದಾಗಲೂ ಕೇಳಿರಲಿಲ್ಲ, ಗೊತ್ತೇ ಇತ್ತು. ಅಂದು ಬೆಳಿಗ್ಗೆಯಿಂದ ಅವಳ ಬೆನ್ನಿಗೆ ಏಟು ತಗಲದಂತೆ ಗಾದಿ ಹಿಡಿದು ಕುಳಿತ ಕೈಗೆ ವೈನಿ ಆ ಕಪ್ಪನ್ನು ಕೊಟ್ಟಳು. ಭಾಯಿಜಾನ್ ತೆಗೆದುಕೊಂಡು ಕುಡಿದರು. ಚಹಾ ಚೆನ್ನಾಗಿದೆ ಎಂದೂ ಹೇಳಿದರು. ಎದ್ದು ಹೊರಗೆ ನಳದ ಹತ್ತಿರ ಹೋಗಿ, ತಾವೇ ಕಪ್ಪು ತೊಳೆದು, ಗೂಡಿನಲ್ಲಿ ಬೋರಲು ಹಾಕಿ ಬಂದರು. ಯಾರು ಎಲ್ಲಿ ಏನು ಕೊಂಡರು, ಎಷ್ಟು ಕೊಟ್ಟರು ಎಂದು ಊರನ್ನೆಲ್ಲ ಕೇಳುವ ಮನುಷ್ಯ ಆ ಕಪ್ಪಿನ ಬಗ್ಗೆ ಒಂದು ಮಾತೂ ಕೇಳಲಿಲ್ಲ. ನನ್ನ ಕೈಯಲ್ಲಿ ಸ್ಟೀಲಿನ ಲೋಟವಿತ್ತು. ಅದನ್ನು ಕೆಳಗಿಡಬೇಕಿತ್ತು. ಇಡಲಿಲ್ಲ, ಕುಡಿದು ಮುಗಿಸಿದೆ.

ವಾಪಸು ಬರುವಾಗ ಏನಾದರೂ ಹೇಳಬೇಕೆಂದು ಬಾಯಿವರೆಗೆ ತಂದುಕೊಂಡೆ. ಅವರು ಮುಂದಿನ ಸೀಟಿನಲ್ಲಿ ಕುಳಿತು ದಾರಿಯುದ್ದಕ್ಕೂ ಶಾಕಪ್ಪಿನ ಮಾತೇ ಆಡಿದರು, ನನಗೆ ನಡುವೆ ಬಾಯಿ ಹಾಕಲು ಸಂದಿ ಸಿಗದ ಹಾಗೆ. ಅವ್ವನಿಗೆ ಒಂದು ಏಟೂ ಹತ್ತಲಿಲ್ಲ ನೋಡು ಎಂದು ಮತ್ತೆ ಮತ್ತೆ ಹೇಳಿದರು. ಶಹಾಪುರದ ಬಸ್ ಸ್ಟ್ಯಾಂಡಿನಲ್ಲಿ ಇಳಿದು ಯಾದಗಿರಿ ಬಸ್ಸು ಹತ್ತಿದರು. ಮರುದಿನ ಕಾಲೇಜಿನಲ್ಲಿ ಎಂದಿನಂತೆ ನಕ್ಕರು. ಅವರು ಮರೆತಿದ್ದಾರೆ ಎಂದುಕೊಂಡೆ. ಹಾಗೆ ಅಂದುಕೊಳ್ಳುವುದು ನನಗೆ ಅನುಕೂಲವಾಗಿತ್ತು.

ಆಮೇಲೆ ಯಾದಗಿರಿಯ ಅವರ ಮನೆಗೆ ನಾನು ಆಗಾಗ ಹೋಗಿದ್ದೇನೆ. ಹಬ್ಬಕ್ಕೆ, ಮಗಳ ನಿಶ್ಚಿತಾರ್ಥಕ್ಕೆ, ನಿವೃತ್ತರಾದ ಮೇಲೆ ಸುಮ್ಮನೆ ಮಾತಾಡಿಸಿಕೊಂಡು ಬರಲು. ಹೋದಾಗಲೆಲ್ಲ ನನಗಾಗಿ ಅಂಗಡಿಯಿಂದ ತಂಪು ಪಾನೀಯದ ಬಾಟಲಿ ತರಿಸುತ್ತಿದ್ದರು. ಮುಚ್ಚಳವನ್ನು ನನ್ನ ಕಣ್ಣೆದುರೇ ತೆರೆಯುತ್ತಿದ್ದರು. ಜೊತೆಗೆ ಬಾಳೆಹಣ್ಣು, ಇಲ್ಲವೇ ಮೋಸಂಬಿ. ಉಳಿದವರಿಗೆಲ್ಲ ಒಳಗಿನಿಂದ ಚಹಾ ಬರುತ್ತಿತ್ತು. ನನಗೆ ವಿಶೇಷ ಉಪಚಾರ ಎಂದು ನಾನು ಹಿಗ್ಗಿ ಕುಡಿಯುತ್ತಿದ್ದೆ. ಮನೆಗೆ ಬಂದು ಗಂಡನ ಮುಂದೆ ಹೇಳಿಕೊಂಡದ್ದೂ ಇದೆ.

ತೀರಿಕೊಂಡ ಮರುದಿನ ಹೋದೆ. ಗಂಡಸರೆಲ್ಲ ಹೊರಗೆ ಶಾಮಿಯಾನದ ಕೆಳಗೆ ಕುಳಿತಿದ್ದರು. ನಾನು ಹೆಣ್ಣಾದ್ದರಿಂದ ಒಳಗೆ ಭಾಭಿಯ ಹತ್ತಿರ, ಅವರ ಹೆಂಡತಿಯ ಹತ್ತಿರ, ಹೋಗಿ ಕುಳಿತೆ. ಸುತ್ತ ನೆಂಟರ ಹೆಂಗಸರಿದ್ದರು. ಭಾಭಿ ಅಳು ನಿಲ್ಲಿಸಿ ಯಾರಿಗೋ ಕಣ್ಸನ್ನೆ ಮಾಡಿದರು. ಆ ದುಃಖದಲ್ಲೂ ನನ್ನ ಮುಂದೆ ಮುಚ್ಚಳ ತೆರೆಯದ ನೀರಿನ ಬಾಟಲಿ ಮತ್ತು ತಟ್ಟೆಯಲ್ಲಿ ಬಾಳೆಹಣ್ಣು ಬಂದು ಕುಳಿತವು. ಬಾಟಲಿಯ ಸೀಲನ್ನು ನೋಡುತ್ತಿದ್ದ ಹಾಗೆ ಇಷ್ಟು ವರ್ಷ ನನಗೆ ಹೊಳೆಯದಿದ್ದದ್ದು ಹೊಳೆಯಿತು. ನಮ್ಮ ಗೂಡಿನ ಕಪ್ಪು ಕಂಡವರು, ತಮ್ಮ ಮನೆಯ ಕಪ್ಪನ್ನು ನಾನು ಮುಟ್ಟಲಾರೆನೆಂದುಕೊಂಡೇ ಈ ಬಾಟಲಿ, ಈ ಹಣ್ಣು ತರಿಸುತ್ತಿದ್ದರು. ಏನಾದರೂ ಮಾಡಲೇಬೇಕು, ಈಗಲೇ ಮಾಡಬೇಕು ಅನ್ನಿಸಿ, ಬಾಟಲಿ ಸರಿಸಿ ಹೇಳಿದೆ, "ಭಾಭಿ, ಇದು ಬ್ಯಾಡ್ರಿ. ನಿಮ್ಮ ಮನಿ ಚಾ ಒಂದ್ ಅರ್ಧ ಕಪ್ ಕೊಡ್ರಿ."

ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಭಾಭಿ ನನ್ನ ಕೈ ಹಿಡಿದರು.

"ಮೂರ್ ದಿನ ನಮ್ಮಲ್ಲಿ ಒಲಿ ಹಚ್ಚಂಗಿಲ್ಲ ಬೆಹೆನ್."

ಇಷ್ಟು ವರ್ಷದ ಒಡನಾಟದಲ್ಲಿ ನಾನು ಆ ಮನೆಯ ಬಗ್ಗೆ ಇಷ್ಟನ್ನೂ ಕೇಳಿ ತಿಳಿದಿರಲಿಲ್ಲ. ನಮ್ಮ ಮನೆಯ ಸಾವಿನಲ್ಲಿ ಯಾವ ದಿನ ಏನು ಎಂದು ಭಾಯಿಜಾನ್‌ಗೆ ಎಲ್ಲ ಗೊತ್ತಿತ್ತು, ಅವ್ವ ಹೋದಾಗ ಸರಿಯಾದ ದಿನ ಸರಿಯಾದ ಹಣ್ಣು ಹಿಡಿದುಕೊಂಡು ಬಂದಿದ್ದರು. ನಾನು ಸಾವಿನ ಮನೆಯಲ್ಲಿ ಕುಳಿತು ಚಹಾ ಕೇಳಿದ್ದೆ. ತಪ್ಪಾಯಿತು ಎಂದು ತೊದಲಿದೆ. ಇಲ್ಲ ಇಲ್ಲ, ಪಕ್ಕದ ಮನೆಯಿಂದ ತರಿಸುತ್ತೇನೆ ಎಂದು ಅವರು ಏಳಹೋದರು. ನಾನೇ ತಡೆದೆ. ಬೇರೆಯವರ ಮನೆಯ ಚಹಾ ನನಗೆ ಬೇಕಿರಲಿಲ್ಲ.

ಆಮೇಲೆ ಭಾಭಿ ಸೆರಗಿನಿಂದ ಮೂಗು ಒರೆಸಿಕೊಂಡು, ಬೇರೆ ಯಾರಿಗೂ ಕೇಳದಷ್ಟು ಸಣ್ಣ ದನಿಯಲ್ಲಿ ಹೇಳಿದರು.

"ನಾ ಎಷ್ಟ್ ಸಲ ನಿಮಗ ಚಾ ಮಾಡಾಕ ಎದ್ದೀನಿ ಬೆಹೆನ್. ಅವರು ಬ್ಯಾಡ ಅಂತಿದ್ರು. ಆಕಿಗಿ ಕೇಳಬ್ಯಾಡ, ಒಲ್ಲೆ ಅನ್ನಾಕ ಆಕಿಗಿ ನಾಚಿಕಿ ಆಗ್ತದ, ಆಕಿ ತಾನಾಗೇ ಕೇಳಿದ ದಿನ ಕೊಡು ಅಂತಿದ್ರು."

ಬಾಳೆಹಣ್ಣಿನ ತಟ್ಟೆಯನ್ನು ನನ್ನ ಕಡೆಗೆ ಸರಿಸಿದರು.

"ನೀವು ಬಂದು ಹೋದ ಮ್ಯಾಲ ಹರ್ ಸಲ ನನ್ನ ಕೇಳ್ತಿದ್ರು, ಇವತ್ತ ಏನರ ಕೇಳಿದ್ಳೇನು, ಅಂತ."